ರಾತ್ರಿ ಪಾಳಿಯ ರಕ್ತನಾಳ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬಾಯ್ಲರ್ ಇಟ್ಟುಕೊಂಡ ಯಾವ ಕಾರ್ಖಾನೆಯೂ ಅದನ್ನು ತಪಾಸಣೆಯಿಲ್ಲದೆ ಉರಿಸುವಂತಿಲ್ಲ. ಬ್ರಿಟಿಷರು 1923ರಲ್ಲೇ ಅದಕ್ಕೊಂದು ಕಾಯ್ದೆ ಮಾಡಿದ್ದರು, 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಪ್ರಮಾಣಪತ್ರದ ಅವಧಿ ಮುಗಿದರೆ ಬಾಯ್ಲರ್ ನಿಲ್ಲಬೇಕು. ತಪಾಸಕರು ಬರಬೇಕು, ಒತ್ತಡ ಹಾಕಿ ನೋಡಬೇಕು, ಸಹಿ ಬೀಳಬೇಕು. ಅದೇ ಬಾಯ್ಲರ್ ಮುಂದೆ ನಿಂತು ಕೆಲಸ ಮಾಡುವ ಮನುಷ್ಯನ ಬಿಪಿಯನ್ನು ಕಡೆಯ ಸಲ ಯಾರು, ಯಾವಾಗ ಅಳೆದರು ಎಂದು ಕೇಳಿ ನೋಡಿ. ‘ಕೆಲಸಕ್ಕೆ ಸೇರುವಾಗ ಒಂದು ಮೆಡಿಕಲ್ ಮಾಡಿಸಿದ್ರು’ ಎಂಬ ಉತ್ತರ ಬಂದರೆ ಅದೇ ಹೆಚ್ಚು.

ಹೋಲಿಕೆ ಇಲ್ಲಿಗೆ ಸಾಕು, ಮುಂದಕ್ಕೆ ಎಳೆದರೆ ದಾರಿ ತಪ್ಪಿಸುತ್ತದೆ. ಬಾಯ್ಲರ್ ಉಕ್ಕಿನದು. ಒತ್ತಡ ಮಿತಿ ಮೀರಿದರೆ ಸಿಡಿಯುತ್ತದೆ, ಮೀರದಿದ್ದರೆ ಇದ್ದ ಹಾಗೇ ಇರುತ್ತದೆ. ಬಿಪಿ ಎಂದಾಗ ನಮ್ಮಲ್ಲಿ ಬಹುಪಾಲು ಜನರ ಮನಸ್ಸಿನಲ್ಲಿರುವುದೂ ಇದೇ ಲೆಕ್ಕ: ಏರಿದಾಗ ಅಪಾಯ, ಇಳಿದ ಮೇಲೆ ಎಲ್ಲ ಸರಿ. ರಕ್ತನಾಳದ ಲೆಕ್ಕ ಬೇರೆ. ಅದು ಜೀವಂತ ಅಂಗ. ತನ್ನ ಮೇಲೆ ಬೀಳುವ ಒತ್ತಡವನ್ನು ಅದು ಗಮನಿಸುತ್ತದೆ, ಅದಕ್ಕೆ ತಕ್ಕಂತೆ ತನ್ನ ಗೋಡೆಯನ್ನೇ ಕಟ್ಟಿಕೊಳ್ಳುತ್ತದೆ. ಹತ್ತು ಹದಿನೈದು ವರ್ಷ ಸದ್ದಿಲ್ಲದೆ ನಡೆಯುವ ಈ ಕಟ್ಟೋಣವೇ ಕಾಯಿಲೆ. ಯಂತ್ರದಲ್ಲಿ ಕಾಣುವ 150/95 ಅದರ ಗುರುತು. ಮಾತ್ರೆ ನುಂಗುವುದು ಆ ಗೋಡೆಗಾಗಿ ಎಂಬುದು ಮನಸ್ಸಿಗೆ ಇಳಿದರೆ, ‘ನಾರ್ಮಲ್ ಬಂತಲ್ಲ, ಇನ್ಯಾಕೆ ಮಾತ್ರೆ’ ಎಂಬ ಪ್ರಶ್ನೆ ಏಳುವುದಿಲ್ಲ.

ಗೋಡೆಯ ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಮಹಾಪಧಮನಿ ಹಿಗ್ಗಿ ರಕ್ತವನ್ನು ಹಿಡಿದಿಟ್ಟುಕೊಂಡು, ಹೃದಯ ವಿರಮಿಸುವ ಗಳಿಗೆಯಲ್ಲಿ ಕುಗ್ಗಿ ಅದನ್ನು ಮುಂದೆ ತಳ್ಳುತ್ತದೆ. ಹೀಗಾಗಿ ಬಿಟ್ಟು ಬಿಟ್ಟು ಚಿಮ್ಮುವ ಧಾರೆ ಬೆರಳ ತುದಿ ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಒಂದೇ ಸಮನೆ ಹರಿಯುತ್ತಿರುತ್ತದೆ. ಈ ಹಿಗ್ಗು ಕುಗ್ಗಿಗೆ ಕಾರಣ ಗೋಡೆಯಲ್ಲಿರುವ ಎಲಾಸ್ಟಿನ್ ಎಂಬ ನಾರು. ಅದನ್ನು ದೇಹ ಬಹುಪಾಲು ಗರ್ಭದಲ್ಲಿ ಮತ್ತು ಎಳವೆಯಲ್ಲಿಯೇ ತಯಾರಿಸಿ ಮುಗಿಸುತ್ತದೆ. ಆಮೇಲೆ ಸವೆದದ್ದಕ್ಕೆ ಬದಲಿ ಎಂಬುದಿಲ್ಲವೆಂದೇ ಹೇಳಬೇಕು. ಒತ್ತಡ ಸದಾ ಹೆಚ್ಚಿದ್ದರೆ ಎಲಾಸ್ಟಿನ್ ಎಳೆಗಳು ಬೇಗ ಬಳಲಿ ತುಂಡಾಗುತ್ತವೆ, ಅವುಗಳ ಜಾಗಕ್ಕೆ ಕೊಲಾಜನ್ ಬರುತ್ತದೆ. ಕೊಲಾಜನ್ ಗಟ್ಟಿ, ಹಿಗ್ಗುವುದು ಅದಕ್ಕೆ ಒಗ್ಗದು. ನಾಳ ಬಿರುಸಾಗುತ್ತದೆ. ಬಿರುಸಾದ ನಾಳದಲ್ಲಿ ಮೇಲಿನ ಸಂಖ್ಯೆ, ಅಂದರೆ ಸಂಕೋಚನದ ಒತ್ತಡ, ಇನ್ನಷ್ಟು ಏರುತ್ತದೆ. ಬಿಪಿಯಿಂದ ನಾಳ ಕೆಡುತ್ತದೆ, ಕೆಟ್ಟ ನಾಳದಿಂದ ಬಿಪಿ ಏರುತ್ತದೆ.

ಸಣ್ಣ ನಾಳಗಳಲ್ಲಿ ನಡೆಯುವುದು ಇನ್ನೊಂದು ಬಗೆ. ಅವುಗಳ ನಡುಪದರದಲ್ಲಿ ಸ್ನಾಯುಕೋಶಗಳಿವೆ. ಒತ್ತಡ ತಡೆದುಕೊಳ್ಳಲು ಈ ಪದರ ದಪ್ಪವಾಗುತ್ತದೆ, ದಪ್ಪವಾದಷ್ಟೂ ಒಳದಾರಿ ಕಿರಿದಾಗುತ್ತದೆ. ಎಲ್ಲಕ್ಕಿಂತ ಒಳಗಿರುವುದು ಎಂಡೋಥೀಲಿಯಂ, ಒಂದೇ ಒಂದು ಕೋಶದಷ್ಟು ತೆಳುವಾದ ಹಾಸು. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಕ್ಷಣಕ್ಷಣಕ್ಕೂ ತಯಾರಿಸಿ ನಾಳವನ್ನು ಸಡಿಲವಾಗಿಡುವ ಕೆಲಸ ಅದರದು. ಆ ಅನಿಲದ ಈ ಪಾತ್ರವನ್ನು ಕಂಡುಹಿಡಿದ ಮೂವರಿಗೆ 1998ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಸತತ ಒತ್ತಡದಲ್ಲಿ ಈ ಹಾಸು ಗಾಸಿಗೊಂಡು ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಕೊಲೆಸ್ಟ್ರಾಲ್ ಕಣಗಳು ಗೋಡೆಯೊಳಗೆ ನುಸುಳುತ್ತವೆ. ನಾಳಗಳು ಕವಲೊಡೆಯುವ ಕಡೆ, ಹರಿವು ಸುಳಿಯಾಗುವಲ್ಲಿ, ಮೊದಲು ಕೊಬ್ಬಿನ ಗಂಟು ಕಟ್ಟುತ್ತದೆ. ಹೃದಯದ ಕರೋನರಿ ನಾಳ, ಕುತ್ತಿಗೆಯ ಕೆರೋಟಿಡ್ ನಾಳ ಎಲ್ಲ ಕವಲುಗಳೇ.

ಮಿದುಳು ಮತ್ತು ಮೂತ್ರಪಿಂಡಕ್ಕೆ ಇದರ ಏಟು ಹೆಚ್ಚು. ಇವೆರಡಕ್ಕೂ ರಕ್ತ ಹೇರಳವಾಗಿ, ತಡೆಯಿಲ್ಲದೆ ನುಗ್ಗಬೇಕು. ಮಹಾಪಧಮನಿ ಮೆತ್ತಗಿದ್ದಾಗ ಬಡಿತದ ಹೊಡೆತವನ್ನು ತಾನೇ ನುಂಗಿಕೊಳ್ಳುತ್ತಿತ್ತು. ಬಿರುಸಾದ ಮೇಲೆ ಆ ಹೊಡೆತ ನೇರವಾಗಿ ಕೂದಲೆಳೆಯಂಥ ನಾಳಗಳವರೆಗೆ ತಲುಪುತ್ತದೆ. ಮಿದುಳಿನ ಆಳದಲ್ಲಿ ಒಂದು ಸಣ್ಣ ನಾಳ ಮುಚ್ಚಿಕೊಂಡರೂ ಸ್ಟ್ರೋಕ್, ಒಡೆದರೂ ಸ್ಟ್ರೋಕ್. ನಮ್ಮ ಕಡೆ ಎರಡಕ್ಕೂ ‘ಲಕ್ವ ಹೊಡೀತು’ ಎಂದೇ ಹೇಳುವುದು. ಮೂತ್ರಪಿಂಡದ ಜರಡಿ ಹಾಳಾದಾಗ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಅಷ್ಟಾದರೂ ನೋವಿಲ್ಲ. ಕೊಯ್ಯದೆ ರಕ್ತನಾಳವನ್ನು ಬರಿಗಣ್ಣಿಗೆ ಹತ್ತಿರವೆನ್ನುವಂತೆ ನೋಡಬಹುದಾದ ಜಾಗ ಮೈಯಲ್ಲಿ ಒಂದೇ, ಕಣ್ಣಿನ ಹಿಂಪರದೆ. ಕನ್ನಡಕಕ್ಕೆಂದು ಹೋದವರಿಗೆ ‘ನಿಮಗೆ ಬಿಪಿ ಇದೆಯಾ’ ಎಂದು ಕಣ್ಣಿನ ವೈದ್ಯರು ಕೇಳುವುದು ಅದಕ್ಕೇ.

ಇಷ್ಟೆಲ್ಲ ಆಗುತ್ತಿದ್ದರೂ ಆಳು ಗಟ್ಟಿಯಾಗಿಯೇ ಕಾಣುತ್ತಾನೆ. ‘ತಲೆ ಸುತ್ತಲ್ಲ, ಸುಸ್ತಿಲ್ಲ, ನನಗೆಲ್ಲಿಂದ ಬಿಪಿ’ ಎನ್ನುವ ಮಾತಿಗೆ ಉತ್ತರ ಕೊಡುವುದು ಕಷ್ಟ. ಕೋಪ ಬಂದಾಗ, ಸಾಹೇಬರು ಬೈದಾಗ, ಮುಖ ಕೆಂಪಾದಾಗ ‘ಬಿಪಿ ಏರ್ತು’ ಎನ್ನುತ್ತೇವೆ. ಆ ಏರಿಕೆ ಹತ್ತು ನಿಮಿಷದ್ದು. ನಾಳ ಕೆಡಿಸುವ ಏರಿಕೆಗೆ ಇಂಥ ಸದ್ದುಗದ್ದಲ ಇರುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರಂತೆ ಬಿಪಿ ಹೆಚ್ಚಿರುವವರು ಅಥವಾ ಅದಕ್ಕೆ ಮಾತ್ರೆ ತೆಗೆದುಕೊಳ್ಳುವವರು ಇದ್ದಾರೆ. ಕನಕಪುರ ರಸ್ತೆಯಲ್ಲಿ ಬೆಳಗಿನ ಪಾಳಿಗೆ ಬರುವ ಒಂದು ಬಸ್ಸಿನಲ್ಲಿ ಎಷ್ಟು ಜನರಿರಬಹುದು ಎಂದು ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಬಸ್ಸಿನ ಮಾತು ಬಂತು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ಹಂತಹಂತವಾಗಿ ಬೆಳೆದು, ಊರು ತಾಲ್ಲೂಕು ಕೇಂದ್ರವಾಗಿ, ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಗಿ, ಹೆಸರುಗಳೆಲ್ಲ ಬದಲಾದವು. ಬದಲಾದ ಇನ್ನೊಂದು ಸಂಗತಿ ಜನರ ದಿನಚರಿ. ಈ ಸೀಮೆಯ ಬದುಕು ರೇಷ್ಮೆ, ರಾಗಿ, ಮಾವಿನ ಗಡಿಯಾರದಲ್ಲಿ ನಡೆಯುತ್ತಿತ್ತು. ರೇಷ್ಮೆಹುಳು ಹಣ್ಣಾಗುವ ದಿನಗಳಲ್ಲಿ ರಾತ್ರಿ ನಿದ್ದೆ ಕೆಡುತ್ತಿದ್ದುದು ನಿಜ, ಆದರೆ ಅದು ಬೆಳೆಗೆ ನಾಲ್ಕಾರು ರಾತ್ರಿ. ಈಗ ಅದೇ ಮನೆಗಳ ಮಕ್ಕಳಿಗೆ ವಾರ ಬಿಟ್ಟು ವಾರ ಪಾಳಿ ಬದಲು. ಕಾರ್ಖಾನೆ ಕಾಯ್ದೆಗೆ ಕರ್ನಾಟಕ 2023ರಲ್ಲಿ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗೂ ದುಡಿಸಲು, ಮಹಿಳೆಯರನ್ನು ರಾತ್ರಿ ಪಾಳಿಗೆ ಹಾಕಲು ದಾರಿ ಮಾಡಿಕೊಟ್ಟಿತು.

ರಾತ್ರಿ ಮಲಗಿದಾಗ ಬಿಪಿ ಹಗಲಿಗಿಂತ ಶೇ 10ರಿಂದ 20ರಷ್ಟು ಇಳಿಯಬೇಕು. ರಕ್ತನಾಳಕ್ಕೆ ಸಿಗುವ ವಿಶ್ರಾಂತಿ ಅಷ್ಟೇ. ಈ ಇಳಿತ ಇಲ್ಲದವರಲ್ಲಿ ಹೃದಯ, ಮೂತ್ರಪಿಂಡಗಳಿಗೆ ಹಾನಿ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ರಾತ್ರಿಯೆಲ್ಲ ಲೈನಿನಲ್ಲಿ ನಿಂತು, ಬೆಳಗ್ಗೆ ತಗಡಿನ ಮಾಡಿನ ಬಾಡಿಗೆ ಕೋಣೆಗೆ ಬಂದು, ಮೂವರು ರೂಂಮೇಟ್‌ಗಳ ಮಾತು, ಬೀದಿಯ ಹಾರ್ನ್, ಬೇಸಿಗೆಯ ಧಗೆಯ ನಡುವೆ ಮಲಗುವವನಿಗೆ ಆ ಇಳಿತ ಪೂರ್ತಿ ಸಿಗುವುದಿಲ್ಲ. ಇದಕ್ಕೆ ಪ್ರೆಸ್ ಷಾಪಿನ ಗದ್ದಲ ಸೇರಿಸಿ. ದೀರ್ಘಕಾಲದ ಶಬ್ದ ಕಿವಿಯನ್ನಷ್ಟೇ ಕೆಡಿಸುವುದಿಲ್ಲ, ಬಿಪಿಯನ್ನೂ ಏರಿಸುತ್ತದೆ.

ಕೆಲಸದ ಬಗೆಯೂ ಮುಖ್ಯ. ನ್ಯೂಯಾರ್ಕಿನಲ್ಲಿ ಪೀಟರ್ ಶ್ನಾಲ್, ಥಾಮಸ್ ಪಿಕರಿಂಗ್ ಮತ್ತು ಸಂಗಡಿಗರು ದುಡಿಯುವ ಗಂಡಸರ ಬಿಪಿಯನ್ನು ಕೆಲಸದ ಜಾಗದಲ್ಲೇ ಅಳೆದು 1990ರಲ್ಲಿ ಒಂದು ವರದಿ ಪ್ರಕಟಿಸಿದರು. ಬೇಡಿಕೆ ಹೆಚ್ಚು, ಆದರೆ ಯಾವಾಗ ನಿಲ್ಲಬೇಕು, ಎಷ್ಟು ವೇಗದಲ್ಲಿ ಮಾಡಬೇಕು ಎಂಬುದರ ಮೇಲೆ ಹಿಡಿತ ಮಾತ್ರ ಇಲ್ಲ. ಅಂಥ ಕೆಲಸದಲ್ಲಿರುವವರ ಬಿಪಿ ಹೆಚ್ಚಿತ್ತು, ಹೃದಯದ ಎಡಗೋಡೆಯೂ ದಪ್ಪವಾಗಿತ್ತು. ಉತ್ಪಾದನಾ ಲೈನಿನ ಕೆಲಸದ ವ್ಯಾಖ್ಯೆಯೇ ಇದು ಎಂದು ನನಗನ್ನಿಸುತ್ತದೆ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಸರಿಯಾಗಿ ಕಂಡು, ಕೆಲಸದ ಹೊತ್ತಿನಲ್ಲಿ ಏರುವ ಬಿಪಿಗೆ ‘ಮುಸುಕಿನ ಬಿಪಿ’ ಎಂಬ ಅರ್ಥದ ಹೆಸರನ್ನು ಪಿಕರಿಂಗ್ ಆಮೇಲೆ ಕೊಟ್ಟರು. ರಜೆಯ ದಿನ ಆಸ್ಪತ್ರೆಗೆ ಹೋಗಿ ‘ನಾರ್ಮಲ್’ ಅನ್ನಿಸಿಕೊಂಡು ಬಂದವನು ಪೂರ್ತಿ ನಿಶ್ಚಿಂತೆಯಿಂದ ಇರುವಂತಿಲ್ಲ.

ಉಪ್ಪಿನ ಮಾತು ಆಡದಿದ್ದರೆ ಈ ಸೀಮೆಯ ಬಗ್ಗೆ ಬರೆದಂತಾಗದು. ಮುದ್ದೆ, ಉಪ್ಪುಸಾರು, ಖಾರದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನೂ ಜಗಳಕ್ಕೆ ನಿಲ್ಲುವವನೇ. ಉಪ್ಪುಸಾರಲ್ಲಿ ಸೊಪ್ಪು, ಕಾಳು ಇದೆ. ತೊಂದರೆ ಇರುವುದು ಪಾಳಿಯ ನಡುವೆ ತಿನ್ನುವ ಚಿಪ್ಸು, ನೂಡಲ್ಸು, ಉಪ್ಪಿನಕಾಯಿ, ಗೋಬಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಸುಮಾರು ಒಂದು ಟೀ ಚಮಚ. ‘ಬೆವರು ಸುರಿಸೋನಿಗೆ ಉಪ್ಪು ಬೇಕು’ ಎಂಬ ಮಾತು ಅರ್ಧ ಸತ್ಯ. ಸೆಕೆಗೆ ಒಗ್ಗಿದ ದೇಹ ಬೆವರಿನಲ್ಲಿ ಉಪ್ಪನ್ನು ಉಳಿಸಿಕೊಳ್ಳುವುದನ್ನು ಕಲಿತಿರುತ್ತದೆ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪು ಬಳಸಿದಾಗ ಪಾರ್ಶ್ವವಾಯು ಕಡಿಮೆಯಾಗುತ್ತದೆಂದು ಚೀನಾದ 600 ಹಳ್ಳಿಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ತೋರಿಸಿತು. 250ಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗೆ ಕ್ಯಾಂಟೀನ್ ಕಡ್ಡಾಯವೆಂದು ಹಳೆಯ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಒಂದು ಕ್ಯಾಂಟೀನಿನ ಅಡುಗೆಮನೆಯಲ್ಲಿ ಉಪ್ಪು ಬದಲಾದರೆ ನೂರಾರು ತಟ್ಟೆ ಬದಲಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಮತ್ತು ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಆ ಉಪ್ಪು ಬಳಸಬಾರದು, ಪೊಟ್ಯಾಸಿಯಂ ರಕ್ತದಲ್ಲಿ ಏರಿಬಿಡುತ್ತದೆ.

ಇನ್ನು ಔಷಧಿ. ಬಿಪಿಗೆ ಮಾತ್ರೆ ಎಂಬುದು ನಮ್ಮ ಅಜ್ಜಂದಿರ ಕಾಲಕ್ಕೆ ಇರಲೇ ಇಲ್ಲ ಎಂಬುದನ್ನು ಮರೆತಿದ್ದೇವೆ. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಬಿಪಿ 300/190 ಇತ್ತು. ಜಗತ್ತಿನ ಅತಿ ಬಲಿಷ್ಠ ವ್ಯಕ್ತಿಗೆ ವೈದ್ಯರು ಕೊಡಬಲ್ಲವರಾಗಿದ್ದದ್ದು ವಿಶ್ರಾಂತಿ, ಉಪ್ಪಿಲ್ಲದ ಊಟ, ನಿದ್ದೆ ಬರಿಸುವ ಗುಳಿಗೆ ಮತ್ತು ಹೃದಯಕ್ಕೊಂದು ಹಳೆಯ ಔಷಧ. ಅದೇ ವೇಳೆಗೆ ನಮ್ಮ ದೇಶದಲ್ಲಿ, ಪಶ್ಚಿಮ ಘಟ್ಟದ ಕಾಡಿನಲ್ಲೂ ಸಿಗುವ ಸರ್ಪಗಂಧದ ಬೇರಿನ ಪುಡಿಯನ್ನು ಕೆಲವು ವೈದ್ಯರು ಬಿಪಿಗೆ ಕೊಡುತ್ತಿದ್ದರು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಅದರ ಬಗ್ಗೆ ಬರೆದಿದ್ದರು. ಮುಂಬೈನ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಲೇಖನ ಪ್ರಕಟಿಸಿದ ಮೇಲೆ ಪಶ್ಚಿಮದವರ ಕಣ್ಣು ಇತ್ತ ಬಿತ್ತು. 1952ರಲ್ಲಿ ಸ್ವಿಸ್ ಕಂಪನಿ ಸೀಬಾದ ವಿಜ್ಞಾನಿಗಳು ಬೇರಿನಿಂದ ರೆಸರ್ಪೀನ್ ಬೇರ್ಪಡಿಸಿದರು.

1967ರಲ್ಲಿ ಎಡ್ವರ್ಡ್ ಫ್ರೀಸ್ ನೇತೃತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ ಬಂತು. ತೀವ್ರ ಬಿಪಿ ಇದ್ದ 143 ಗಂಡಸರಲ್ಲಿ ಅರ್ಧ ಜನರಿಗೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ಹುಸಿ ಮಾತ್ರೆ. ಹುಸಿ ಮಾತ್ರೆಯವರಲ್ಲಿ 27 ಗಂಭೀರ ಅನಾಹುತಗಳಾದವು, ನಿಜ ಮಾತ್ರೆಯವರಲ್ಲಿ 2. ಬಿಪಿ ಇಳಿಸಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ವಾದಕ್ಕೆ ಎಡೆಯಿಲ್ಲದ ಮೊದಲ ಸಾಕ್ಷಿ ಅದು. ಆ ಚಿಕಿತ್ಸೆಯ ಮೂರು ಔಷಧಗಳಲ್ಲಿ ಒಂದು ರೆಸರ್ಪೀನ್. ಅದರಿಂದ ಖಿನ್ನತೆ ಬರುವ ಭಯವಿದ್ದುದರಿಂದ, ಒಳ್ಳೆಯ ಔಷಧಗಳು ಬಂದಂತೆ ಅದು ಹಿಂದೆ ಸರಿಯಿತು. ಇವತ್ತು ಸರ್ಪಗಂಧದ ಪುಡಿಯನ್ನು ‘ಸೈಡ್ ಎಫೆಕ್ಟ್ ಇಲ್ಲದ್ದು’ ಎಂದು ಮಾರುವವರು ಈ ಅರ್ಧ ಕಥೆಯನ್ನು ಹೇಳುವುದಿಲ್ಲ. ಹಾವಿಗೂ ಬಿಪಿಗೂ ಇನ್ನೊಂದು ನಂಟಿದೆ: ಬ್ರೆಜಿಲ್‌ನ ಜರರಾಕ ಎಂಬ ಮಂಡಲದ ಜಾತಿಯ ಹಾವಿನ ವಿಷದಲ್ಲಿ ಸೆರ್ಜಿಯೊ ಫೆರೇರಾ ಕಂಡ ಅಂಶದ ಜಾಡು ಹಿಡಿದೇ 1981ರಲ್ಲಿ ಕ್ಯಾಪ್ಟೊಪ್ರಿಲ್ ಮಾರುಕಟ್ಟೆಗೆ ಬಂದದ್ದು. ಎನಲಾಪ್ರಿಲ್, ರಾಮಿಪ್ರಿಲ್ ಅದರ ತಮ್ಮಂದಿರು.

ಈಗ ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಎಲ್ಲ ಕಡೆ ಹೆಚ್ಚಾಗಿ ಓಡುವ ಹೆಸರುಗಳು ಮೂರು: ಆಮ್ಲೊಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್ಥಾಲಿಡೋನ್. ಆಮ್ಲೊಡಿಪಿನ್ ರಕ್ತನಾಳದ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆಯುತ್ತದೆ, ಬಿಗಿದ ನಾಳ ಸಡಿಲವಾಗುತ್ತದೆ. ಟೆಲ್ಮಿಸಾರ್ಟನ್ ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಆಂಜಿಯೊಟೆನ್ಸಿನ್ ನಾಳವನ್ನು ಬಿಗಿಯುವುದಷ್ಟೇ ಅಲ್ಲ, ಗೋಡೆ ದಪ್ಪಗಾಗಲು, ನಾರುಗಟ್ಟಲು ಕುಮ್ಮಕ್ಕು ಕೊಡುವುದೂ ಅದೇ. ಕ್ಲೋರ್ಥಾಲಿಡೋನ್ ಮೂತ್ರದಲ್ಲಿ ಉಪ್ಪು ಹೊರಹಾಕಿಸುತ್ತದೆ.

ಮಾಂಟ್ರಿಯಲ್‌ನ ಅರ್ನೆಸ್ಟೊ ಶಿಫ್ರಿನ್ ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಬಿಪಿ ಇರುವವರ ಪಿರ್ರೆಯ ಚರ್ಮದಡಿಯಿಂದ ಚೂರು ಮಾಂಸ ತೆಗೆದು, ಅದರಲ್ಲಿನ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ಅಳೆದರು. ಕೆಲವರಿಗೆ ಲೊಸಾರ್ಟನ್, ಕೆಲವರಿಗೆ ಹಳೆಯ ಅಟೆನೊಲಾಲ್ ಕೊಟ್ಟು, ಒಂದು ವರ್ಷದ ನಂತರ ಮತ್ತೆ ಅಳೆದರು. ಎರಡೂ ಗುಂಪಿನ ಬಿಪಿ ಒಂದೇ ಮಟ್ಟಿಗೆ ಇಳಿದಿತ್ತು. ಆದರೆ ಲೊಸಾರ್ಟನ್ ತೆಗೆದುಕೊಂಡವರ ನಾಳದ ಗೋಡೆ ಆರೋಗ್ಯವಂತರ ಗೋಡೆಯ ಹತ್ತಿರಕ್ಕೆ ಬಂದಿತ್ತು, ಅಟೆನೊಲಾಲ್ ತೆಗೆದುಕೊಂಡವರದು ಇದ್ದಂತೆಯೇ ದಪ್ಪವಾಗಿತ್ತು. ಯಂತ್ರದ ಸಂಖ್ಯೆ ಒಂದೇ, ಗೋಡೆ ಬೇರೆ. 2002ರಲ್ಲಿ ಇವೇ ಎರಡು ಔಷಧಗಳನ್ನು ಒಂಬತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಹೋಲಿಸಿದಾಗ ಲೊಸಾರ್ಟನ್ ಗುಂಪಿನಲ್ಲಿ ಪಾರ್ಶ್ವವಾಯು ಸುಮಾರು ಶೇ 25ರಷ್ಟು ಕಡಿಮೆ ಕಂಡಿತು. ಹಾಗೆಂದು ವರ್ಷಗಳಿಂದ ಅಟೆನೊಲಾಲ್ ನುಂಗುತ್ತಿರುವವರು ನಾಳೆ ಬೆಳಗ್ಗೆ ಬಿಟ್ಟುಬಿಡಬಾರದು. ಆ ಜಾತಿಯ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಎದೆ ಡವಗುಟ್ಟಿ ಅನಾಹುತವಾಗಬಹುದು. ವೈದ್ಯರ ಹತ್ತಿರ ಮಾತಾಡಿ, ಅಷ್ಟೇ.

ಒಂದೇ ಮಾತ್ರೆಯ ಡೋಸ್ ಏರಿಸುವುದಕ್ಕಿಂತ ಎರಡು ಬಗೆಯದನ್ನು ಸಣ್ಣ ಪ್ರಮಾಣದಲ್ಲಿ ಸೇರಿಸುವುದು ಮೇಲು ಎಂಬುದು ಈಗ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ ಮಾತು. ಡೋಸ್ ದುಪ್ಪಟ್ಟು ಮಾಡಿದರೆ ಪರಿಣಾಮ ದುಪ್ಪಟ್ಟಾಗುವುದಿಲ್ಲ, ಆಮ್ಲೊಡಿಪಿನ್ ಆದರೆ ಕಾಲು ಬಾವು ಮಾತ್ರ ಹೆಚ್ಚುತ್ತದೆ. ಭಾರತೀಯರಲ್ಲೇ ಇದನ್ನು ಪರೀಕ್ಷಿಸಿದ ಟಾಪ್‌ಸ್ಪಿನ್ ಅಧ್ಯಯನದಲ್ಲಿ 1,981 ಮಂದಿಗೆ ಮೂರು ಬಗೆಯ ಜೋಡಿ ಮಾತ್ರೆಗಳಲ್ಲಿ ಯಾವುದಾದರೂ ಒಂದನ್ನು ಕೊಟ್ಟರು. ಮೂರೂ ಸಮಸಮ, ಸುಮಾರು ಶೇ 70ರಷ್ಟು ಜನರ ಬಿಪಿ 140/90ಕ್ಕಿಂತ ಕೆಳಗೆ ಬಂತು. ಇನ್ನೂ ಹಿಂದೆ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನ ಪ್ರೇಮ್ ಪೈಸ್, ಡೆನಿಸ್ ಝೇವಿಯರ್ ಮತ್ತು ಅಲ್ಲಿಯೇ ಓದಿ ಕೆನಡಾಕ್ಕೆ ಹೋದ ಸಲೀಂ ಯೂಸುಫ್ ಸೇರಿ ಐದು ಔಷಧಗಳನ್ನು ಒಂದೇ ಕ್ಯಾಪ್ಸೂಲಿನಲ್ಲಿಟ್ಟು ದೇಶದ 50 ಕೇಂದ್ರಗಳಲ್ಲಿ 2,053 ಜನರಲ್ಲಿ ಪರೀಕ್ಷಿಸಿದ್ದರು. ಅದು 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅಂಥ ಬಹುಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿಕೊಳ್ಳಲು 2023 ಬರಬೇಕಾಯಿತು. ಬೆಂಗಳೂರಿನವರೇ ಪರೀಕ್ಷಿಸಿ ನೋಡಿದ ಈ ಯೋಚನೆ ಕನಕಪುರ ರಸ್ತೆಯ ಔಷಧ ಅಂಗಡಿಗಳವರೆಗೆ ಯಾಕೆ ಸಲೀಸಾಗಿ ಹರಿಯಲಿಲ್ಲ ಎಂಬುದು ಬೇರೆಯೇ ಅಂಕಣಕ್ಕೆ ವಸ್ತು.

ಪಾಳಿ ಕೆಲಸದವರ ದೊಡ್ಡ ತೊಡಕು ‘ಮಾತ್ರೆ ಯಾವಾಗ ತಗೊಳ್ಳೋದು?’ ಚೀಟಿಯಲ್ಲಿ 1-0-0 ಎಂದಿರುತ್ತದೆ. ಬೆಳಗ್ಗೆ ಒಂದು. ರಾತ್ರಿ ಪಾಳಿಯವನಿಗೆ ಯಾವುದು ಬೆಳಗ್ಗೆ? ಮಲಗುವ ಮುಂಚೆಯೋ, ಎದ್ದ ಮೇಲೋ? ಈ ಗೊಂದಲದಲ್ಲೇ ವಾರಕ್ಕೆ ಎರಡು ಮೂರು ಮಾತ್ರೆ ತಪ್ಪುತ್ತದೆ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರನ್ನು ಐದು ವರ್ಷಕ್ಕೂ ಮೀರಿ ಗಮನಿಸಿ 2022ರಲ್ಲಿ ಪ್ರಕಟವಾದ ‘ಟೈಮ್’ ಅಧ್ಯಯನ ಇದಕ್ಕೆ ನೇರ ಉತ್ತರ ಕೊಟ್ಟಿದೆ. ಬೆಳಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯು, ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಾವ ಹೊತ್ತಿಗೆ ಮರೆಯುವುದಿಲ್ಲವೋ ಅದೇ ಸರಿಯಾದ ಹೊತ್ತು. ಪಾಳಿ ಬದಲಾದರೂ ಬದಲಾಗದ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಬೇಕು. ಹಲ್ಲುಜ್ಜುವುದಕ್ಕಾದರೆ ಎಲ್ಲರಿಗೂ ನಡೆಯುತ್ತದೆ. ಆಮ್ಲೊಡಿಪಿನ್‌ನ ಅರ್ಧಾಯುಷ್ಯ 30ರಿಂದ 50 ಗಂಟೆ. ನಾಲ್ಕಾರು ಗಂಟೆ ಹೆಚ್ಚುಕಡಿಮೆಯಾದರೆ ಅದು ಸಹಿಸಿಕೊಳ್ಳುತ್ತದೆ. ಅದರ ಪೂರ್ತಿ ಪರಿಣಾಮ ಕಾಣಲು ವಾರಕ್ಕಿಂತ ಹೆಚ್ಚು ಬೇಕು. ಹಾಗಾಗಿ ಎರಡೇ ದಿನ ನುಂಗಿ ‘ಕೆಲಸ ಮಾಡ್ತಿಲ್ಲ’ ಎನ್ನುವುದೂ ತಪ್ಪು.

ಮಾತ್ರೆ ಬಿಡುವುದಕ್ಕೆ ಕಾರಣಗಳು ಕಾರ್ಖಾನೆಯೊಳಗೇ ಇವೆ, ಅವುಗಳನ್ನು ‘ಅಜ್ಞಾನ’ ಎಂದು ತಳ್ಳಿಹಾಕುವುದು ಸರಿಯಲ್ಲ. ಕ್ಲೋರ್ಥಾಲಿಡೋನ್ ಶುರುವಾದ ಮೊದಲ ದಿನಗಳಲ್ಲಿ ಮೂತ್ರ ಹೆಚ್ಚು. ಲೈನ್ ಬಿಟ್ಟು ಹೋಗಲು ಮೇಲ್ವಿಚಾರಕರ ಅನುಮತಿ ಬೇಕಾದ ಕಡೆ, ಹೊಲಿಗೆ ಘಟಕದ ಹೆಣ್ಣುಮಕ್ಕಳು ನೀರನ್ನೇ ಕಡಿಮೆ ಕುಡಿಯುವ ಕಡೆ, ಆ ಮಾತ್ರೆ ಮೊದಲು ಬಿಡುವ ಮಾತ್ರೆಯಾಗುತ್ತದೆ. ಎಂಟು ಗಂಟೆ ನಿಂತೇ ಇರುವವನ ಪಾದ ಆಮ್ಲೊಡಿಪಿನ್‌ನಿಂದ ಊದಿಕೊಂಡರೆ ಸುರಕ್ಷತಾ ಷೂ ಬಿಗಿಯಾಗುತ್ತದೆ. ಡೋಸ್ ಇಳಿಸಿ ಟೆಲ್ಮಿಸಾರ್ಟನ್ ಜೊತೆಮಾಡಿದರೆ ಈ ಬಾವು ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಅದನ್ನು ಹೇಳಲು ವೈದ್ಯರು ಸಿಗಬೇಕು, ಸಿಗುವ ಹೊತ್ತಿಗೆ ಇವನಿಗೆ ರಜೆ ಸಿಗಬೇಕು. ಇನ್ನೊಂದು ಎಚ್ಚರಿಕೆ ಹೆಣ್ಣುಮಕ್ಕಳಿಗೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಗರ್ಭಿಣಿಯರಿಗೆ ಸಲ್ಲವು, ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಮದುವೆ, ಮಗು ಎಂದು ಯೋಚಿಸುವ ವಯಸ್ಸಿನವರು ಮೊದಲೇ ವೈದ್ಯರಿಗೆ ಹೇಳಿದರೆ ಲ್ಯಾಬೆಟಾಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾದಂಥ ಬೇರೆ ಮಾತ್ರೆಗಳಿವೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನೋವಿನ ಮಾತ್ರೆ. ಸೊಂಟ ನೋವು, ಮಂಡಿ ನೋವು, ಭುಜ ನೋವಿಗೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಬಿಪಿಯನ್ನು ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತವೆ. ಟೆಲ್ಮಿಸಾರ್ಟನ್, ಕ್ಲೋರ್ಥಾಲಿಡೋನ್ ಎರಡನ್ನೂ ತೆಗೆದುಕೊಳ್ಳುವವನು, ಬೇಸಿಗೆಯ ಷೆಡ್ಡಿನಲ್ಲಿ ಬೆವರಿ ನೀರು ಕಳೆದುಕೊಂಡು, ಮೇಲೆ ನೋವಿನ ಮಾತ್ರೆ ನುಂಗಿದರೆ ಮೂತ್ರಪಿಂಡ ಒಮ್ಮೆಲೇ ಕೈಕೊಡಬಹುದು. ಬಿಪಿ ಇರುವವರು ನೋವಿಗೆ ಪ್ಯಾರಸಿಟಮಾಲ್‌ನಿಂದ ಶುರು ಮಾಡುವುದು ಒಳ್ಳೆಯದು, ಅದನ್ನೂ ತಿಂಗಳುಗಟ್ಟಲೆ ದಿನಾ ನುಂಗಬಾರದು.

ಸರ್ಕಾರ ಕೈಕಟ್ಟಿ ಕೂತಿಲ್ಲ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಲಾಗುತ್ತದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಸಕ್ಕರೆಯನ್ನು ಮನೆ ಬಾಗಿಲಲ್ಲೇ ನೋಡಿ ಮಾತ್ರೆ ಕೊಡುವ ಏರ್ಪಾಡಿದೆ. ಎರಡನೆಯದು ಒಳ್ಳೆಯ ಯೋಜನೆ. ಆದರೆ ಆರೋಗ್ಯ ಕಾರ್ಯಕರ್ತೆ ಹಗಲು ಬಾಗಿಲು ತಟ್ಟುವಾಗ ಕಾರ್ಖಾನೆಯವನು ಲೈನಿನಲ್ಲಿರುತ್ತಾನೆ, ಇಲ್ಲವೇ ಚಿಲಕ ಹಾಕಿಕೊಂಡು ಮಲಗಿರುತ್ತಾನೆ. ಒಡಿಶಾ, ಬಿಹಾರದಿಂದ ಬಂದು ಷೆಡ್ಡುಗಳಲ್ಲಿರುವ ಹುಡುಗರ ಮನೆ ಬಾಗಿಲು ಯಾವುದು ಎಂಬ ಪ್ರಶ್ನೆಯೂ ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಸೌಲಭ್ಯವಿದೆ, ದೇವರಕಗ್ಗಲಹಳ್ಳಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಆದರೆ ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಂತ ದಿನ ಹಾಜರಿ ಹೋಗುತ್ತದೆ. ಮಾತ್ರೆಯ ಬೆಲೆ ಇಲ್ಲಿ ಸಮಸ್ಯೆಯೇ ಅಲ್ಲ. ಒಂದು ದಿನದ ಕೂಲಿಯ ಮುಂದೆ ತಿಂಗಳ ಜೆನೆರಿಕ್ ಮಾತ್ರೆ ಏನೂ ಅಲ್ಲ, ದುಬಾರಿಯಾಗಿರುವುದು ಆ ದಿನ.

2025ರ ಮಳೆಗಾಲದಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಭಯದಿಂದ ಬಂದವರಿಗೆ ಇಸಿಜಿ ಬೇಕಿತ್ತು, ಎಕೋ ಬೇಕಿತ್ತು. ಅವತ್ತಿನ ಇಸಿಜಿ ಅವತ್ತಿನ ಹೃದಯವನ್ನಷ್ಟೇ ಹೇಳುತ್ತದೆ. ಅದೇ ಜಯದೇವ 2017ರಿಂದ 40 ವರ್ಷದೊಳಗಿನ ಹೃದ್ರೋಗಿಗಳ ದಾಖಲೆ ಇಟ್ಟುಕೊಂಡು ಬಂದಿದೆ. ಎಳೆಯ ವಯಸ್ಸಿನ ಹೃದ್ರೋಗ ಪ್ರತ್ಯೇಕ ದಾಖಲೆ ಬೇಡುವಷ್ಟು ಹೆಚ್ಚಿದೆ ಎಂಬುದೇ ಅದರ ಅರ್ಥ. ಆ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರನ್ನೇ ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣದ ಮತದಾರರು 2024ರಲ್ಲಿ ಲೋಕಸಭೆಗೆ ಕಳಿಸಿದ್ದಾರೆ. ಕಾರ್ಮಿಕರ ಬಿಪಿಯ ವಿಚಾರವನ್ನು ಅವರಿಗೆ ವಿವರಿಸಿ ಹೇಳಬೇಕಾದ್ದಿಲ್ಲ.

ಯಾಕೆ ಈ ಮಾತು ಎಂದರೆ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ 40 ದಾಟಿದ ಕಾರ್ಮಿಕರಿಗೆ ಮಾಲೀಕರು ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು. ಸ್ವಾಗತ. ಆದರೆ ಹಾರೋಹಳ್ಳಿಯ ಗೇಟುಗಳಲ್ಲಿ ನಿಂತು ನೋಡಿದರೆ ಒಳಹೋಗುವ ಮುಖಗಳಲ್ಲಿ ಬಹುಪಾಲು ಇಪ್ಪತ್ತರ, ಮೂವತ್ತರ ಮುಖಗಳು. ಗೋಡೆ ದಪ್ಪವಾಗಲು ಶುರುವಾಗುವುದು ಆ ವಯಸ್ಸಿನಲ್ಲೇ, ಔಷಧಿಗೆ ಅದು ಚೆನ್ನಾಗಿ ಮಣಿಯುವುದೂ ಆಗಲೇ. 40ರ ಗೆರೆಯನ್ನು ಗೃಹ ಆರೋಗ್ಯದ 30ಕ್ಕೆ ತರಲು ಕಾನೂನಿನ ತಿದ್ದುಪಡಿಗೆ ಕಾಯಬೇಕಿಲ್ಲ. ತೋಳಿಗೆ ಪಟ್ಟಿ ಕಟ್ಟುವ ಒಂದು ಡಿಜಿಟಲ್ ಯಂತ್ರ ಎರಡು ಸಾವಿರ ರೂಪಾಯಿ ಆಸುಪಾಸು. ಅದನ್ನು ಕ್ಯಾಂಟೀನಿನ ಪಕ್ಕ, ಬೆನ್ನು ಒರಗಿಸಲು ಆಗುವ ಕುರ್ಚಿಯ ಮುಂದೆ ಇಟ್ಟು, ಟೀ ಬೀಡಿಯಿಲ್ಲದೆ ಐದು ನಿಮಿಷ ಸುಮ್ಮನೆ ಕೂತು ತೋಳು ಎದೆಮಟ್ಟಕ್ಕೆ ಇಟ್ಟು ಅಳೆಯುವುದನ್ನು ಒಬ್ಬರಿಗೆ ಕಲಿಸಿದರೆ ಸಾಕು. ಪಿಕರಿಂಗ್ ಹೇಳಿದ ಮುಸುಕಿನ ಬಿಪಿ ಬಯಲಾಗುವ ಜಾಗವೂ ಅದೇ. ಎರಡು ಬೇರೆ ಬೇರೆ ದಿನ 140/90 ದಾಟಿದವರ ಪಟ್ಟಿ ಹಾರೋಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹೋಗಲಿ, ತಿಂಗಳಿಗೊಂದು ಸಂಜೆ ಅಲ್ಲಿಂದ ಒಬ್ಬ ವೈದ್ಯರು ಕೈಗಾರಿಕಾ ಪ್ರದೇಶಕ್ಕೆ ಬಂದು ಎರಡು ಪಾಳಿ ಬದಲಾಗುವ ಹೊತ್ತಿನಲ್ಲಿ ಒಂದೆರಡು ಗಂಟೆ ಕೂರಲಿ. ಆ ಪಟ್ಟಿಯನ್ನು ನೋಡಿ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂಬ ಸಾಲು ಮಾತ್ರ ಮೊದಲು ಬರೆದಿಡಬೇಕು. ಅದಿಲ್ಲದಿದ್ದರೆ ಆ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ.